ಎಲ್ಲರೂ ಒಂದೇ ತಿಂಗಳು ಚೀಟಿ ಕೇಳಿದರೆ: ಆರ್ಥಿಕ ಬಿಕ್ಕಟ್ಟಿನ ನಂತರ ಸಾಮಾಜಿಕ ಪ್ರಜಾಪ್ರಭುತ್ವ

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಂತುಬಿಟ್ಟವು. ಗಾರ್ಮೆಂಟ್ಸ್‌ನ ಸಾವಿರಾರು ಹೆಂಗಸರು ಹೊಲಿಗೆ ಮಿಷನ್ ಬಿಟ್ಟೆದ್ದು ರಸ್ತೆಗೆ ಬಂದಿದ್ದರು. ತುಮಕೂರು ರಸ್ತೆಯ ಕಡೆಗೂ ಅದು ಹಬ್ಬಿತು. ಅವರನ್ನು ಹೊರಗೆ ತಂದದ್ದು ಪಿಎಫ್ ನಿಯಮದ ಒಂದು ತಿದ್ದುಪಡಿ. ಕೆಲಸ ಬಿಟ್ಟವರು ತಮ್ಮ ಪಾಲನ್ನಷ್ಟೇ ತೆಗೆದುಕೊಳ್ಳಬಹುದು, ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಗುವುದಿಲ್ಲ ಎಂದು ಅದು ಹೇಳುತ್ತಿತ್ತು. ಎರಡನೇ ದಿನವೇ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು.

ಕಾಗದದ ಮೇಲೆ ಆ ನಿಯಮದಲ್ಲಿ ತಪ್ಪು ಕಾಣುವುದಿಲ್ಲ. ಪಿಎಫ್ ಇರುವುದೇ ಮುಪ್ಪಿಗೆ. ಆದರೆ ಆ ಹೆಂಗಸರಿಗೆ ಅದು ಕೆಲಸ ಹೋದ ತಿಂಗಳ ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು. ನಿರುದ್ಯೋಗಕ್ಕೆ ಬೇರೆ ಆಸರೆ ಇಲ್ಲದ ಕಡೆ ಮುಪ್ಪಿನ ಹಣವೇ ನಿರುದ್ಯೋಗದ ಹಣವೂ ಆಗಬೇಕಾಗುತ್ತದೆ. ಅಂಥ ಆಸರೆಯನ್ನು ಯಾರು ಕಟ್ಟಬೇಕು, ಯಾರ ದುಡ್ಡಿನಿಂದ, ಎಲ್ಲರೂ ಒಟ್ಟಿಗೇ ಕೈಚಾಚಿದರೆ ಏನು ಗತಿ? ಈ ಪ್ರಶ್ನೆಗಳ ಸುತ್ತ ಬೆಳೆದ ರಾಜಕೀಯಕ್ಕೆ ಯುರೋಪಿನಲ್ಲಿ ಸಾಮಾಜಿಕ ಪ್ರಜಾಪ್ರಭುತ್ವ ಎಂದು ಹೆಸರು. ಅಮೆರಿಕದ ಬ್ಯಾಂಕುಗಳಲ್ಲಿ ಶುರುವಾಗಿ ಜಗತ್ತಿಗೆಲ್ಲ ಹಬ್ಬಿದ 2008ರ ಆರ್ಥಿಕ ಬಿಕ್ಕಟ್ಟು ಅದನ್ನು ಬೇರುಸಮೇತ ಅಲ್ಲಾಡಿಸಿತು. ಗ್ಯಾರಂಟಿ ಯೋಜನೆಗಳಿಗೆ ದುಡ್ಡೆಲ್ಲಿಂದ, ಡೆಲಿವರಿ ಹುಡುಗರಿಗೆ ಪಿಎಫ್ ಯಾಕಿಲ್ಲ ಎಂದು ಮಾತಾಡುವ ನಮಗೂ ಆ ಕಥೆ ತಿಳಿದಿರುವುದು ಒಳ್ಳೆಯದು.

ಹೆಸರಿನ ಗೊಂದಲ

ಕಮ್ಯುನಿಸ್ಟರ ಪ್ರಕಾರ ಕಾರ್ಖಾನೆ ಸರ್ಕಾರದ್ದಾಗಬೇಕು. ಸಾಮಾಜಿಕ ಪ್ರಜಾಪ್ರಭುತ್ವದಲ್ಲಿ ಕಾರ್ಖಾನೆ ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲೇ ಇರುತ್ತದೆ. ಲಾಭದಲ್ಲಿ ಸಂಬಳಕ್ಕೆಷ್ಟು, ತೆರಿಗೆಗೆಷ್ಟು, ಕೆಲಸ ಹೋದವನಿಗೆಷ್ಟು ಎಂಬುದು ಚುನಾವಣೆಯಲ್ಲಿ ಮತ್ತು ಯೂನಿಯನ್ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ. ಶುರುವಿನಲ್ಲಿ ಈ ಗೆರೆ ಇಷ್ಟು ಸ್ಪಷ್ಟವಾಗಿರಲಿಲ್ಲ. 1875ರಲ್ಲಿ ಗೋಥಾ ಊರಿನಲ್ಲಿ ಒಂದಾದ ಜರ್ಮನಿಯ ಸಮಾಜವಾದಿಗಳು ಕ್ರಾಂತಿಯ ಮಾತನ್ನೇ ಆಡುತ್ತಿದ್ದರು. ಬಂಡವಾಳಶಾಹಿ ಕುಸಿಯುವುದನ್ನು ಕಾಯುತ್ತ ಕೂರುವ ಬದಲು ಅದನ್ನು ತಿದ್ದುತ್ತ ಹೋಗೋಣ ಎಂದು ಎಡ್ವರ್ಡ್ ಬರ್ನ್‌ಸ್ಟೈನ್ 1899ರಲ್ಲಿ ವಾದಿಸಿದಾಗ ಪಕ್ಷದೊಳಗೆ ದೊಡ್ಡ ಜಗಳವೇ ಆಯಿತು. ಅದೇ ಪಕ್ಷ 1959ರಲ್ಲಿ ಗೋಡೆಸ್‌ಬರ್ಗ್ ಸಮಾವೇಶದಲ್ಲಿ ಮಾರುಕಟ್ಟೆಯನ್ನು ಒಪ್ಪಿಕೊಂಡಿತು.

ನಮ್ಮಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥವಿದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, ಬುಡದಲ್ಲಿ ಸಾಮಾಜಿಕ ಪ್ರಜಾಪ್ರಭುತ್ವವಿಲ್ಲದೆ ರಾಜಕೀಯ ಪ್ರಜಾಪ್ರಭುತ್ವ ಉಳಿಯದು ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರೂ ಬೆರೆತ ಬದುಕಿನ ರೀತಿ. ಇಲ್ಲಿ ಮಾತಾಡುತ್ತಿರುವುದು ಯುರೋಪಿನ ಪಕ್ಷಗಳು ಕಟ್ಟಿದ ಆರ್ಥಿಕ ಏರ್ಪಾಡಿನ ಬಗ್ಗೆ.

ಇನ್ನೊಂದು ಮಾತು. ಜನರಿಗೆ ಸವಲತ್ತು ಕೊಟ್ಟವರೆಲ್ಲ ಈ ಪಂಥದವರಲ್ಲ. ಆರೋಗ್ಯ ವಿಮೆ (1883), ಅಪಘಾತ ವಿಮೆ (1884), ವೃದ್ಧಾಪ್ಯ ವಿಮೆ (1889) ಮೂರನ್ನೂ ಜರ್ಮನಿಗೆ ತಂದ ಅಲ್ಲಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿ ಸಂಘಟನೆಗಳನ್ನು ನಿಷೇಧಿಸಿದ ಮನುಷ್ಯ. ಒಂದು ಕೈಯಲ್ಲಿ ಲಾಠಿ, ಇನ್ನೊಂದರಲ್ಲಿ ಪಿಂಚಣಿ.

ಚೀಟಿಯ ಲೆಕ್ಕ

ಏರ್ಪಾಡು ಹೇಗೆ ನಡೆಯುತ್ತದೆ ಎಂಬುದಕ್ಕೆ ಬೀದಿಯ ಚೀಟಿಯನ್ನೇ ನೋಡಿ. 20 ಜನ, ತಿಂಗಳಿಗೆ ತಲಾ 2,000 ರೂಪಾಯಿ, ಕೂಡುವುದು 40,000. ಪ್ರತಿ ತಿಂಗಳು ಒಬ್ಬರು ಎತ್ತುತ್ತಾರೆ. ಸಾಮಾಜಿಕ ವಿಮೆಯೂ ಹೀಗೇ, ಆದರೆ ಎರಡು ವ್ಯತ್ಯಾಸಗಳಿವೆ. ಇಲ್ಲಿ ಹರಾಜಿನ ಕೂಗು ಇಲ್ಲ. ಕೆಲಸ ಹೋದವನಿಗೆ, ಕಾಯಿಲೆ ಬಿದ್ದವನಿಗೆ, ವಯಸ್ಸಾದವನಿಗೆ ತಾನಾಗಿ ಸಿಗುತ್ತದೆ. ಮತ್ತು ಸೇರುವುದು ಕಡ್ಡಾಯ. ಕಡ್ಡಾಯ ಯಾಕೆಂದರೆ, ಇಷ್ಟವಿದ್ದವರು ಸೇರಲಿ ಎಂದುಬಿಟ್ಟರೆ ಗಟ್ಟಿಮುಟ್ಟಾದವರು, ಕೆಲಸ ಹೋಗುವ ಭಯವಿಲ್ಲದವರು ದೂರ ಉಳಿಯುತ್ತಾರೆ. ಉಳಿದವರ ಕಂತು ಏರುತ್ತದೆ, ಏರಿದ ಕಂತು ನೋಡಿ ಇನ್ನಷ್ಟು ಜನ ಬಿಡುತ್ತಾರೆ. ಕೊನೆಗೆ ಕಷ್ಟದಲ್ಲಿರುವವರದೇ ಒಂದು ಚೀಟಿ. ಅದು ಎಷ್ಟು ದಿನ ನಡೆದೀತು?

ಈ ಚೀಟಿ ನಿಲ್ಲಲು ಮೂರು ಆಧಾರ ಬೇಕಿತ್ತು. ಮೊದಲನೆಯದು, ಒಂದೇ ಗೇಟಿನಲ್ಲಿ ಒಳಹೋಗುವ ಸಾವಿರಾರು ಕಾರ್ಮಿಕರು: ಸಂಬಳದಲ್ಲೇ ಕಂತು ಹಿಡಿಯಬಹುದು, ಯೂನಿಯನ್ ಕಟ್ಟಬಹುದು. ಎರಡನೆಯದು, ದೇಶದ ಗಡಿಯೊಳಗೇ ಉಳಿಯುವ ಬಂಡವಾಳ, ಹಾಗಾಗಿ ತೆರಿಗೆ ಹಾಕಬಹುದು. ಮೂರನೆಯದು ನಂಬಿಕೆ: ಇವತ್ತು ನಾನು ಕಟ್ಟಿದ್ದು ನಾಳೆ ನನಗೂ ಬರುತ್ತದೆ. ಸ್ವೀಡನ್‌ನಲ್ಲಿ 1938ರಲ್ಲಿ ಕಾರ್ಮಿಕರ ಒಕ್ಕೂಟವೂ ಮಾಲೀಕರ ಒಕ್ಕೂಟವೂ ಸಾಲ್ಟ್‌ಶೋಬಾಡೆನ್ ಎಂಬ ಊರಿನಲ್ಲಿ ಕೂತು ಮಾಡಿಕೊಂಡ ಒಪ್ಪಂದ ಈ ಮೂರರ ಮೇಲೂ ನಿಂತಿತ್ತು.

ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಡುವುದೇ ಇದರ ಗುಟ್ಟು ಎನ್ನುವುದು ಅರ್ಧ ಸತ್ಯ. ಸ್ವೀಡನ್‌ನಲ್ಲಿ ಹೆಚ್ಚಿನ ಸರಕುಗಳ ಮೇಲೆ ಶೇ. 25ರಷ್ಟು ಮಾರಾಟ ತೆರಿಗೆಯಿದೆ. ಅದನ್ನು ಕೂಲಿಯವನೂ ಕಟ್ಟುತ್ತಾನೆ. ಅಲ್ಲಿ ಒಟ್ಟು ತೆರಿಗೆ ದೇಶದ ಉತ್ಪನ್ನದ (ಜಿಡಿಪಿ) ಶೇ. 40ನ್ನು ದಾಟುತ್ತದೆ. ನಮ್ಮಲ್ಲಿ ಕೇಂದ್ರ, ರಾಜ್ಯ ಎರಡೂ ಸೇರಿ ಶೇ. 18ರ ಆಸುಪಾಸು. ಎಲ್ಲರೂ ಕಟ್ಟುತ್ತಾರೆ, ಎಲ್ಲರೂ ಪಡೆಯುತ್ತಾರೆ. ಮಧ್ಯಮ ವರ್ಗದ ಮಕ್ಕಳೂ ಅದೇ ಶಾಲೆಗೆ ಹೋಗುವುದರಿಂದ ಶಾಲೆ ಚೆನ್ನಾಗಿರುತ್ತದೆ.

ಒಂದು ಬಿಕ್ಕಟ್ಟು ಕಟ್ಟಿತು, ಇನ್ನೊಂದು ಕೆಡವಿತು

ವಿಚಿತ್ರವೆಂದರೆ ಈ ರಾಜಕೀಯವನ್ನು ಮೇಲೆ ತಂದದ್ದೂ ಆರ್ಥಿಕ ಕುಸಿತವೇ. 1929ರ ಮಹಾ ಕುಸಿತದ ನಂತರ, 1932ರಲ್ಲಿ, ಸ್ವೀಡನ್‌ನ ಸೋಷಿಯಲ್ ಡೆಮಾಕ್ರಟರು ಅಧಿಕಾರಕ್ಕೆ ಬಂದು 1976ರವರೆಗೆ ಹೆಚ್ಚುಕಮ್ಮಿ ಬಿಡದೆ ಆಳಿದರು. ಹಾಗಿದ್ದರೆ 2008ರ ಕುಸಿತ ಅವರ ಸೋದರ ಪಕ್ಷಗಳನ್ನು ಯಾಕೆ ಮುಳುಗಿಸಿತು?

ಚೀಟಿಗೇ ಬರೋಣ. ಕೆಟ್ಟ ತಿಂಗಳು ಬಂತು. 20 ಜನರಲ್ಲಿ 6 ಜನರಿಗೆ ಕೆಲಸವಿಲ್ಲ, ಕಂತು ಕಟ್ಟಲಾರರು. ಕೂಡಿದ್ದು 28,000. ಆದರೆ ಅದೇ 6 ಜನರಿಗೂ ಈಗಲೇ ಹಣ ಬೇಕು. ಒಳಬರುವುದು ಇಳಿದ ಹೊತ್ತಿಗೇ ಹೊರಹೋಗುವುದು ಏರುತ್ತದೆ. ಬೀದಿಯ ಚೀಟಿಯಾದರೆ ಇಲ್ಲಿಗೆ ಮುರಿಯಿತು. ಸರ್ಕಾರಕ್ಕೆ ಒಂದು ಅನುಕೂಲವಿದೆ: ಸಾಲ ಮಾಡಿ ಆ ತಿಂಗಳು ದಾಟಿಸಬಹುದು. ಜನರ ಕೈಗೆ ಹೋದ ಹಣ ಅಂಗಡಿಗೆ ಬರುತ್ತದೆ, ಅಂಗಡಿ ನಡೆದರೆ ಇನ್ನಿಬ್ಬರ ಕೆಲಸ ಉಳಿಯುತ್ತದೆ.

1931ರಲ್ಲಿ ಸ್ವೀಡನ್ ತನ್ನ ಹಣದ ಬೆಲೆಯನ್ನು ಚಿನ್ನದ ಕಟ್ಟಿನಿಂದ ಬಿಡಿಸಿಕೊಂಡಿತ್ತು, ಬಡ್ಡಿ ಮತ್ತು ವಿನಿಮಯ ದರ ತನ್ನ ಕೈಯಲ್ಲಿತ್ತು. 2010ರ ಗ್ರೀಸ್‌ಗೆ ಆ ಸ್ವಾತಂತ್ರ್ಯ ಇರಲಿಲ್ಲ. ಯೂರೋವನ್ನು ಗ್ರೀಸ್ ಮುದ್ರಿಸುವ ಹಾಗಿಲ್ಲ, ಅಪಮೌಲ್ಯ ಮಾಡುವ ಹಾಗೂ ಇಲ್ಲ. ಯೂರೋಗೆ ತಳಹದಿಯಾದ ಮಾಸ್ಟ್ರಿಕ್ಟ್ ಒಪ್ಪಂದದ ಪ್ರಕಾರ ಬಜೆಟ್ ಕೊರತೆ ಉತ್ಪನ್ನದ ಶೇ. 3, ಸಾಲ ಶೇ. 60 ದಾಟಬಾರದು. 2009ರ ಅಕ್ಟೋಬರಿನಲ್ಲಿ ಗ್ರೀಸ್‌ನಲ್ಲಿ ಅಧಿಕಾರಕ್ಕೆ ಬಂದ, ಇದೇ ಪಂಥದ ಪಾಸೊಕ್ ಪಕ್ಷದ ಸರ್ಕಾರ, ಹಿಂದಿನವರು ತೋರಿಸಿದ್ದಕ್ಕಿಂತ ಕೊರತೆ ಎಷ್ಟೋ ದೊಡ್ಡದು ಎಂದು ಬಾಯಿಬಿಡಬೇಕಾಯಿತು. ಸಾಲ ಕೊಡುವವರು ಹಿಂದೆ ಸರಿದರು. 2010ರ ಮೇ ತಿಂಗಳಲ್ಲಿ ಯೂರೋ ದೇಶಗಳಿಂದ, ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 11,000 ಕೋಟಿ ಯೂರೋ ಸಾಲ ಬಂತು, ಖರ್ಚು ಕಡಿತದ ಷರತ್ತಿನೊಂದಿಗೆ.

ಖರ್ಚು ಕಡಿಮೆ ಮಾಡಿದರೆ ಸಾಲದ ಹೊರೆ ಏರುವುದು ಹೇಗೆ

ಮನೆಯ ಲೆಕ್ಕಕ್ಕೆ ಒಗ್ಗಿದವರಿಗೆ ಇದು ನಂಬಲಾಗದ ಮಾತು, ಹಾಗಾಗಿ ಅಂಕಿಗಳಲ್ಲೇ ನೋಡುವುದು ಮೇಲು. ಮನೆಯಲ್ಲಿ ಖರ್ಚು ಕಡಿಮೆ ಮಾಡಿದರೆ ಯಜಮಾನನ ಸಂಬಳವೇನೂ ಇಳಿಯುವುದಿಲ್ಲ. ದೇಶದಲ್ಲಿ ಇಳಿಯುತ್ತದೆ, ಏಕೆಂದರೆ ಸರ್ಕಾರದ ಖರ್ಚು ಇನ್ನೊಬ್ಬರ ಆದಾಯ.

ದೇಶದ ಉತ್ಪನ್ನ 100, ಸಾಲವೂ 100 ಎಂದಿಟ್ಟುಕೊಳ್ಳಿ. ಉತ್ಪನ್ನದ ಶೇ. 40 ತೆರಿಗೆಯಾಗಿ ಬರುತ್ತದೆ. ಸರ್ಕಾರ 3 ರೂಪಾಯಿ ಖರ್ಚು ಕಡಿಯಿತು. ಪ್ರತಿ ರೂಪಾಯಿ ಕಡಿತಕ್ಕೆ ಉತ್ಪನ್ನ 50 ಪೈಸೆ ಮಾತ್ರ ಕುಗ್ಗುವುದಾದರೆ, ಉತ್ಪನ್ನ 98.5ಕ್ಕೆ ಇಳಿಯುತ್ತದೆ, ತೆರಿಗೆ 60 ಪೈಸೆ ಕಡಿಮೆಯಾಗುತ್ತದೆ. ಉಳಿತಾಯ 2.40. ಸಾಲ 97.6, ಉತ್ಪನ್ನ 98.5: ಹೊರೆ ಶೇ. 99. ಇಳಿಯಿತು. ಅದೇ ಪ್ರತಿ ರೂಪಾಯಿಗೆ ಒಂದೂವರೆ ರೂಪಾಯಿ ಕುಗ್ಗುವುದಾದರೆ, ಉತ್ಪನ್ನ 95.5, ತೆರಿಗೆ ನಷ್ಟ 1.80, ಉಳಿತಾಯ ಬರೀ 1.20. ಸಾಲ 98.8, ಉತ್ಪನ್ನ 95.5: ಹೊರೆ ಶೇ. 103.5. ಹೊಟ್ಟೆ ಕಟ್ಟಿದ್ದೂ ಆಯಿತು, ಹೊರೆ ಏರಿದ್ದೂ ಆಯಿತು.

ಹಾಗಾಗಿ ಜಗಳವೆಲ್ಲ ಆ ಒಂದು ಅಂಕಿಯ ಮೇಲೆ. ಅದಕ್ಕೆ ಗುಣಕ ಎಂದು ಹೆಸರು. ಮುನ್ಸೂಚನೆ ತಯಾರಿಸಿದವರು ಅದು 0.5ರ ಸುತ್ತ ಇದೆ ಎಂದು ಲೆಕ್ಕ ಹಾಕಿದ್ದರು. ಬಿಕ್ಕಟ್ಟಿನ ಕಾಲದಲ್ಲಿ ಅದು 0.9ರಿಂದ 1.7ರ ನಡುವೆ ಇದ್ದಿರಬಹುದು ಎಂದು 2012ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯೇ ತನ್ನ ವರದಿಯಲ್ಲಿ ಒಪ್ಪಿತು. ಕಾರಣ ಸರಳ: ಒಳ್ಳೆಯ ಕಾಲದಲ್ಲಿ ಸರ್ಕಾರ ಬಿಟ್ಟ ಜಾಗವನ್ನು ಖಾಸಗಿಯವರು ತುಂಬುತ್ತಾರೆ. ಎಲ್ಲರೂ ಕೈ ಬಿಗಿಹಿಡಿದ ಕಾಲದಲ್ಲಿ ತುಂಬುವವರೇ ಇರುವುದಿಲ್ಲ. ಗ್ರೀಸ್‌ನಲ್ಲಿ ಕನಿಷ್ಠ ವೇತನವನ್ನು 2012ರಲ್ಲಿ ಶೇ. 22ರಷ್ಟು ಇಳಿಸಲಾಯಿತು. 2013ರ ಹೊತ್ತಿಗೆ ನಿರುದ್ಯೋಗ ಶೇ. 27ರ ಹತ್ತಿರ. ದೇಶದ ಉತ್ಪನ್ನ ಒಟ್ಟು ಕಾಲು ಭಾಗದಷ್ಟು ಕರಗಿತು. ಅಲ್ಲಿ ಆರೋಗ್ಯ ವಿಮೆ ಕೆಲಸಕ್ಕೆ ಅಂಟಿಕೊಂಡಿದ್ದರಿಂದ ಬಹಳ ಕಾಲ ಕೆಲಸವಿಲ್ಲದೆ ಉಳಿದವರಿಗೆ ಆಸ್ಪತ್ರೆಯ ಬಾಗಿಲೂ ಮುಚ್ಚಿತು. ನೌಕರಿಗೆ ಕಟ್ಟಿದ ಆಸರೆಯ ದೌರ್ಬಲ್ಯವೇ ಇದು. ನೌಕರಿ ಬಿದ್ದರೆ ಆಸರೆಯೂ ಜೊತೆಗೇ ಬೀಳುತ್ತದೆ.

ಮತ ಎಲ್ಲಿಗೆ ಹೋಯಿತು

2009ರಲ್ಲಿ ಶೇ. 43.9 ಮತ ಪಡೆದ ಪಾಸೊಕ್ 2015ರ ಜನವರಿಯಲ್ಲಿ ಶೇ. 4.7ಕ್ಕೆ ಇಳಿಯಿತು. ಯುರೋಪಿನ ಪತ್ರಿಕೆಗಳು ಇಂಥ ಕುಸಿತಕ್ಕೆ ‘ಪಾಸೊಕೀಕರಣ’ ಎಂದೇ ಹೆಸರಿಟ್ಟವು. ನೆದರ್ಲೆಂಡ್ಸ್‌ನ ಕಾರ್ಮಿಕ ಪಕ್ಷ 2012ರ ಶೇ. 24.8ರಿಂದ 2017ರಲ್ಲಿ ಶೇ. 5.7ಕ್ಕೆ ಬಂತು. ಫ್ರಾನ್ಸ್‌ನಲ್ಲಿ 2012ರಲ್ಲಿ ಅಧ್ಯಕ್ಷ ಪದವಿ ಗೆದ್ದ ಸಮಾಜವಾದಿಗಳ ಅಭ್ಯರ್ಥಿಗೆ 2022ರಲ್ಲಿ ಸಿಕ್ಕಿದ್ದು ಶೇ. 1.75.

ಜರ್ಮನಿಯ ಕಥೆ ಸ್ವಲ್ಪ ಬೇರೆ, ಬಿಕ್ಕಟ್ಟಿಗೂ ಮುಂಚಿನದು. 2005ರ ಜನವರಿ 1ರಂದು ಅಲ್ಲಿನ ಸೋಷಿಯಲ್ ಡೆಮಾಕ್ರಟ್ ಸರ್ಕಾರವೇ ಹಾರ್ಟ್ಜ್-4 ಎಂಬ ನಿಯಮ ತಂದಿತು. ಕೆಲಸ ಹೋಗಿ ಸುಮಾರು ಒಂದು ವರ್ಷವಾದ ಮೇಲೆ, ಹಳೆಯ ಸಂಬಳ ಎಷ್ಟೇ ಇರಲಿ, ಬಾಡಿಗೆ ಬಿಟ್ಟು ತಿಂಗಳಿಗೆ ಒಂದೇ ಮೊತ್ತ: ಪಶ್ಚಿಮ ಭಾಗದಲ್ಲಿ 345 ಯೂರೋ. ಮೂವತ್ತು ವರ್ಷ ಕಂತು ಕಟ್ಟಿದ ಫಿಟ್ಟರ್‌ಗೂ ಒಂದು ದಿನವೂ ಕಟ್ಟದವನಿಗೂ ಅಷ್ಟೇ. ಅದಕ್ಕೂ ಮನೆಯಲ್ಲಿರುವ ಉಳಿತಾಯದ ಲೆಕ್ಕ ಒಪ್ಪಿಸಬೇಕಿತ್ತು. ಬೊಕ್ಕಸಕ್ಕೆ ಇದರಿಂದ ಲಾಭವಾಯಿತೋ ಇಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮುರಿದದ್ದು ಮಾತ್ರ ಮೂರನೇ ಆಧಾರ, ಕಟ್ಟಿದ್ದು ಮರಳಿ ಬರುತ್ತದೆ ಎಂಬ ನಂಬಿಕೆ. 1998ರಲ್ಲಿ ಶೇ. 40.9 ಇದ್ದ ಪಕ್ಷದ ಮತ 2009ರಲ್ಲಿ ಶೇ. 23, 2025ರಲ್ಲಿ ಶೇ. 16.4.

ಎಲ್ಲ ಕಡೆಯೂ ಹೀಗಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ಪೋರ್ಚುಗಲ್‌ನಲ್ಲಿ 2015ರಲ್ಲಿ ಎಡ ಪಕ್ಷಗಳ ಬೆಂಬಲದಿಂದ ಸರ್ಕಾರ ರಚಿಸಿದ ಸಮಾಜವಾದಿಗಳು 2022ರಲ್ಲಿ ಸ್ವಂತ ಬಹುಮತ ಗಳಿಸಿದರು. ಡೆನ್ಮಾರ್ಕ್‌ನಲ್ಲಿ 2019ರಲ್ಲಿ, ಬ್ರಿಟನ್‌ನಲ್ಲಿ 2024ರಲ್ಲಿ ಈ ಪಂಥದವರು ಮರಳಿದರು. ಬ್ರಿಟನ್‌ನಲ್ಲಿ ಮತ ಶೇ. 34ನ್ನೂ ಮುಟ್ಟಲಿಲ್ಲ, ಸೀಟು ಮಾತ್ರ 411.

ಕುಸಿತದಲ್ಲೂ ನಿಂತ ಏರ್ಪಾಡುಗಳು

ಜರ್ಮನಿಯಲ್ಲೇ 2009ರಲ್ಲಿ ಉತ್ಪನ್ನ ಶೇ. 5ಕ್ಕಿಂತ ಹೆಚ್ಚು ಕುಸಿದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. ಒಂದು ಕಾರಣ ‘ಕುರ್ಟ್ಸ್‌ಆರ್ಬೈಟ್’, ಅಂದರೆ ಗಿಡ್ಡ ಕೆಲಸ. ಆರ್ಡರ್ ಅರ್ಧಕ್ಕಿಳಿದಾಗ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸುವ ಬದಲು ಎಲ್ಲರ ಗಂಟೆಗಳನ್ನೂ ಅರ್ಧ ಮಾಡುತ್ತದೆ. ಹೋದ ಸಂಬಳದ ಶೇ. 60ನ್ನು (ಮಕ್ಕಳಿದ್ದರೆ ಶೇ. 67) ನಿರುದ್ಯೋಗ ನಿಧಿ ತುಂಬುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೈಗೆ ಬರುವ ಸಂಬಳ 30,000. ಕಂಪನಿ 15,000 ಕೊಡುತ್ತದೆ, ನಿಧಿ 9,000 ಸೇರಿಸುತ್ತದೆ, ಮನೆಗೆ 24,000. ಕೆಲಸಗಾರನ ಕೈಚಳಕ ಕಂಪನಿಯಲ್ಲೇ ಉಳಿಯುತ್ತದೆ. ಇದರ ಅಪಾಯವೂ ಇದೆ: ಮುಳುಗಲೇಬೇಕಾದ ಕಂಪನಿಗೂ ಉಸಿರು ಸಿಗುತ್ತದೆ. ಅದಕ್ಕೇ ಅವಧಿಗೆ ಮಿತಿ ಹಾಕಿರುತ್ತಾರೆ.

ಸ್ವೀಡನ್ ತನ್ನ ಪಾಠವನ್ನು ತೊಂಬತ್ತರ ದಶಕದಲ್ಲೇ ಕಲಿತಿತ್ತು. 1991ರಿಂದ 93ರವರೆಗೆ ಸತತ ಮೂರು ವರ್ಷ ಅಲ್ಲಿನ ಉತ್ಪನ್ನ ಕುಗ್ಗಿತು. ಆಮೇಲೆ ಮಾಡಿದ ಪಿಂಚಣಿ ಸುಧಾರಣೆಯಲ್ಲಿ ಒಂದು ಬ್ರೇಕ್ ಇಟ್ಟರು: ಕೊಡಬೇಕಾದದ್ದು ಇರುವುದನ್ನು ಮೀರಿದರೆ ಪಿಂಚಣಿಯ ಏರಿಕೆ ತಾನಾಗಿ ನಿಧಾನವಾಗುತ್ತದೆ, ಮಂತ್ರಿಯ ಸಹಿ ಬೇಕಿಲ್ಲ. 2010ರಲ್ಲಿ ಅದು ನಿಜಕ್ಕೂ ಬಿತ್ತು, ಪಿಂಚಣಿ ಇಳಿಯಿತು. ವೃದ್ಧರು ಸಿಟ್ಟಾದರು, ಆದರೆ ನಿಧಿ ಬರಿದಾಗಲಿಲ್ಲ.

ಬೆಂಗಳೂರಿಗೆ ತಂದು ನೋಡಿದರೆ

ಈ ಊರಿಗೂ ಒಂದು ಬಗೆಯ ಸಾಮಾಜಿಕ ಪ್ರಜಾಪ್ರಭುತ್ವದ ರುಚಿ ಗೊತ್ತು, ಕಾಂಪೌಂಡಿನೊಳಗೆ ಮಾತ್ರ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಜೊತೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಸಬ್ಸಿಡಿ ಕ್ಯಾಂಟೀನ್ ಎಲ್ಲವೂ ಬಂದವು. ಗೇಟಿನ ಒಳಗಿದ್ದವರಿಗೆ ಪಿಂಚಣಿಯವರೆಗೂ ಭದ್ರತೆ, ಹೊರಗಿದ್ದ ಗಾರೆ ಕೆಲಸದವನಿಗೆ ಏನೂ ಇಲ್ಲ. ಇಎಸ್‌ಐ (ನೌಕರರ ಆರೋಗ್ಯ ವಿಮೆ, 1948ರ ಕಾಯ್ದೆ), ಪಿಎಫ್ (1952) ಎರಡೂ ಈ ಗೇಟನ್ನೇ ನಂಬಿ ಬರೆದ ಕಾನೂನುಗಳು. ಕೆಲಸ ಹೋದ ಇಎಸ್‌ಐ ಸದಸ್ಯರಿಗೆ 2018ರಿಂದ ಒಂದು ನಿರುದ್ಯೋಗ ಭತ್ಯೆ ಇದೆ. 2020ರಲ್ಲಿ ಅದನ್ನು ಸರಾಸರಿ ದಿನಗೂಲಿಯ ಶೇ. 25ರಿಂದ 50ಕ್ಕೆ ಏರಿಸಿದರು. ಗರಿಷ್ಠ 90 ದಿನ. ಅದನ್ನು ಪಡೆಯಲೂ ಮೊದಲು ಇಎಸ್‌ಐ ಇರುವ ಕೆಲಸ ಇದ್ದಿರಬೇಕು.

2023ರ ಗ್ಯಾರಂಟಿಗಳು ಬೇರೆ ದಾರಿ ಹಿಡಿದವು. ಶಕ್ತಿ ಬಸ್ಸಿಗಾಗಲಿ ಗೃಹಲಕ್ಷ್ಮಿಯ 2,000 ರೂಪಾಯಿಗಾಗಲಿ ಯಾರೂ ಕಂತು ಕಟ್ಟಿಲ್ಲ, ನೌಕರಿಯ ಗೇಟೂ ಬೇಕಿಲ್ಲ. ಮನೆಗೆಲಸದವಳಿಗೂ ತಲುಪುತ್ತದೆ, ಇದು ಪಿಎಫ್ ಎಂದೂ ಮಾಡಲಾಗದ ಕೆಲಸ. ಆದರೆ ಕಂತಿನ ಪುಸ್ತಕವಿಲ್ಲದ ಕಾರಣ ಇದು ಪ್ರತಿ ವರ್ಷದ ಬಜೆಟ್ಟಿಗೆ ಕಟ್ಟುಬಿದ್ದಿರುತ್ತದೆ. 2025–26ರ ಸುಮಾರು 4.09 ಲಕ್ಷ ಕೋಟಿಯ ಬಜೆಟ್ಟಿನಲ್ಲಿ ಇವಕ್ಕೆ ಇಟ್ಟದ್ದು ಸುಮಾರು 51,000 ಕೋಟಿ, ಎಂಟರಲ್ಲಿ ಒಂದು ಪಾಲು.

ಇಲ್ಲಿ ಗ್ರೀಸ್ ನೆನಪಾಗಬೇಕು. ಕರ್ನಾಟಕವೂ ರೂಪಾಯಿ ಮುದ್ರಿಸುವ ಹಾಗಿಲ್ಲ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಕೊರತೆಯನ್ನು ರಾಜ್ಯದ ಉತ್ಪನ್ನದ ಶೇ. 3ಕ್ಕೆ ಕಟ್ಟಿಹಾಕಿದೆ, ಕೇಂದ್ರದ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಪಡೆಯಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಸ್ವಂತ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಮದ್ಯ, ಪೆಟ್ರೋಲ್-ಡೀಸೆಲ್, ವಾಹನ ತೆರಿಗೆ, ಆಸ್ತಿ ನೋಂದಣಿಯ ಮುದ್ರಾಂಕ ಶುಲ್ಕ. 2020ರ ಏಪ್ರಿಲ್‌ನ ಲಾಕ್‌ಡೌನ್‌ನಲ್ಲಿ ಇವೆಲ್ಲ ಒಟ್ಟಿಗೇ ಬತ್ತಿದ್ದವು. ಗ್ರೀಸ್‌ಗಿಲ್ಲದ ಒಂದು ಆಸರೆ ನಮಗಿದೆ: ಕೇಂದ್ರ ತೆರಿಗೆಯ ಪಾಲು, ಅನುದಾನ. ಅದು ಸಾಲದು ಎಂಬ ತಕರಾರು ಬೇರೆ ಮಾತು.

ಗೇಟಿಲ್ಲದ ಕೆಲಸಕ್ಕೆ ಕಂತು

ಮುಂದಿನ ಪರೀಕ್ಷೆ ನಡೆಯುತ್ತಿರುವುದು ಇಂದಿರಾನಗರ, ಕೋರಮಂಗಲದ ಸಿಗ್ನಲ್‌ಗಳಲ್ಲಿ ಬ್ಯಾಗ್ ಹೊತ್ತು ನಿಂತ ಬೈಕುಗಳ ಮೇಲೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ (ಆ್ಯಪ್‌ಗಳ ಮೂಲಕ ದುಡಿಯುವವರ) ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲು ಮಾಡಬಹುದು ಎನ್ನುತ್ತದೆ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಇದನ್ನು ಕಂಪನಿಯ ವಾರ್ಷಿಕ ವಹಿವಾಟಿನ ಶೇ. 1ರಿಂದ 2 ಎಂದು ಅಳೆಯುತ್ತದೆ, ಕಾರ್ಮಿಕರಿಗೆ ಕೊಟ್ಟದ್ದರ ಶೇ. 5 ಮೀರದಂತೆ.

ರಾಜ್ಯದ ಲೆಕ್ಕವನ್ನೇ ಹಾಕೋಣ. ಒಂದು ಆರ್ಡರ್‌ಗೆ 50 ರೂಪಾಯಿ, ದಿನಕ್ಕೆ 25 ಆರ್ಡರ್, ತಿಂಗಳಿಗೆ 26 ದಿನ: 650 ಆರ್ಡರ್, 32,500 ರೂಪಾಯಿ. ಪೆಟ್ರೋಲು, ಬೈಕಿನ ಕಂತು ಇದರಲ್ಲೇ ಹೋಗಬೇಕು. ಶುಲ್ಕ ಶೇ. 1 ಆದರೆ ನಿಧಿಗೆ 325 ರೂಪಾಯಿ, ಶೇ. 5 ಆದರೆ 1,625. ಹೋಲಿಕೆಗೆ, 15,000 ಸಂಬಳದ ಗಾರ್ಮೆಂಟ್ಸ್ ಕೆಲಸಗಾರ್ತಿಯ ಹೆಸರಿನಲ್ಲಿ ಇಎಸ್‌ಐಗೆ ಶೇ. 4ರಂತೆ (ಅವಳದು 0.75, ಮಾಲೀಕರದು 3.25) 600 ರೂಪಾಯಿ, ಪಿಎಫ್‌ಗೆ ಎರಡೂ ಕಡೆಯ ಶೇ. 12 ಸೇರಿ 3,600. ಒಟ್ಟು 4,200. ಅವಳ ಎರಡು ಪಟ್ಟು ದುಡಿಮೆ ತೋರಿಸುವವನ ಹೆಸರಿಗೆ ಬೀಳುವುದು, ಅತಿ ಹೆಚ್ಚೆಂದರೂ, ಅದರ ಅರ್ಧಕ್ಕಿಂತ ಕಡಿಮೆ. 325ರಲ್ಲಿ ಅಪಘಾತ ವಿಮೆ ಆಗುತ್ತದೆ. ಕಾಯಿಲೆ ಬಿದ್ದ ತಿಂಗಳ ಸಂಬಳ ಆಗುವುದು ಕಷ್ಟ, ಪಿಂಚಣಿ ಆಗುವುದಿಲ್ಲ.

ಇನ್ನೊಂದು ಕಡೆ ಇದು ಪಿಎಫ್‌ಗಿಂತ ಜಾಣತನದ ಏರ್ಪಾಡು: ಯಾರ ನೌಕರ ಎಂದು ಕೇಳುವುದಿಲ್ಲ, ಬೆಳಿಗ್ಗೆ ಒಂದು ಆ್ಯಪ್, ರಾತ್ರಿ ಇನ್ನೊಂದು ಆದರೂ ಪ್ರತಿ ಆರ್ಡರಿನ ಪೈಸೆ ಕಾರ್ಮಿಕರ ಅದೇ ನಿಧಿಗೆ ಹೋಗುತ್ತದೆ. ಆದರೆ ಶುಲ್ಕ ಕಟ್ಟಿಕೊಂಡಿರುವುದು ಆರ್ಡರಿಗೆ. ಮಂದಿ ಹೊರಗಿನ ಊಟ ನಿಲ್ಲಿಸಿದ ತಿಂಗಳು, ಆರ್ಡರ್ 25ರಿಂದ 12ಕ್ಕಿಳಿದ ತಿಂಗಳು, ನಿಧಿಗೆ ಬೀಳುವುದೂ ಅರ್ಧಕ್ಕಿಳಿಯುತ್ತದೆ, ಕೇಳಿಕೊಂಡು ಬರುವವರು ಮಾತ್ರ ಅದೇ ತಿಂಗಳು ಹೆಚ್ಚುತ್ತಾರೆ. ಆ ತಿಂಗಳಿಗೆಂದು ಒಳ್ಳೆಯ ವರ್ಷಗಳಲ್ಲಿ ಎಷ್ಟು ಎತ್ತಿಡಬೇಕು, ಕಡಿಮೆ ಬಿದ್ದರೆ ಯಾರು ತುಂಬಿಕೊಡಬೇಕು ಎಂಬ ಎರಡು ಸಾಲುಗಳನ್ನು ಇಂಥ ನಿಧಿಗಳ ನಿಯಮದಲ್ಲಿ ಮೊದಲು ಹುಡುಕಿ ಓದಬೇಕು.